ಸೈಕಲ್ಲಿನ ಎಣ್ಣೆಸ್ನಾನ

ಸೀಗೆಪುಡಿಯ ಡಬ್ಬಿ ತೆರೆದರೆ ಇಂದಿಗೂ ನನಗೆ ನೆನಪಾಗುವುದು ತಲೆಸ್ನಾನವಲ್ಲ, ಯಲ್ದೂರಿನ ನಮ್ಮ ಅಂಗಳದಲ್ಲಿ ತಲೆಕೆಳಗಾಗಿ ನಿಂತಿದ್ದ ಅಪ್ಪನ ಸೈಕಲ್ಲು.

ಆಯುಧಪೂಜೆಯ ದಿನ ಅಜ್ಜಿ ಎತ್ತಿನ ಕೊಂಬಿಗೆ ಹರಳೆಣ್ಣೆ ಸವರಿ, ಮಿಕ್ಕಿದ್ದನ್ನು ಸೈಕಲ್ಲಿನ ರಿಮ್ಮಿಗೂ ಬಳಿದಿದ್ದಳು. ರಿಮ್ಮೇನೋ ಹೊಳೆಯಿತು. ಆದರೆ ಮಧ್ಯಾಹ್ನ ಹೊರಟ ಅಪ್ಪ ಎಷ್ಟು ಬ್ರೇಕ್ ಹಿಡಿದರೂ ನಿಲ್ಲದೆ, ಇಳಿಜಾರಿನಲ್ಲಿ ನೇರವಾಗಿ ನಮ್ಮ ಹಿಪ್ಪುನೇರಳೆ ತೋಟಕ್ಕೇ ನುಗ್ಗಿದ. ತಲೆತುಂಬ ಎಲೆ ಸಿಕ್ಕಿಸಿಕೊಂಡು ಬಂದವನನ್ನು ಕಂಡು ಅಮ್ಮ ಸೆರಗು ಬಾಯಿಗೊತ್ತಿ ನಕ್ಕಳು.

"ರಿಮ್ಮಿಗೆ ಯಾರಾದ್ರೂ ಎಣ್ಣೆ ಹಚ್ತಾರೇನಮ್ಮ? ಬ್ರೇಕ್ ರಬ್ಬರ್ ಹಿಡ್ಕೊಳ್ಳೋದೇ ಅಲ್ಲಿ!" ಅಪ್ಪ ಅಜ್ಜಿಯ ಮೇಲೆ ರೇಗಿದ.

"ಎಣ್ಣೆ ಹಚ್ಚಿದ್ಮೇಲೆ ನೀರು ಹುಯ್ಬೇಕಲ್ಲಾ ನಾಯನಾ. ಹಂಗೇ ಹೊರಟ್ರೆ ಜಾರ್ದೆ ಇನ್ನೇನು?" ಎಂದಳು ಅಜ್ಜಿ.

ಹಂಡೆಯ ಬಿಸಿನೀರು ಬಂತು. ನಾನು ಚಕ್ರ ತಿರುಗಿಸಿದೆ. ಅಜ್ಜಿ ಸೀಗೆಪುಡಿ ಹಾಕಿ, ನನ್ನ ತಲೆ ಉಜ್ಜುವಷ್ಟೇ ಒರಟಾಗಿ ರಿಮ್ಮು ಉಜ್ಜಿದಳು. ಅಪ್ಪ ಬ್ರೇಕಿನ ರಬ್ಬರ್‌ಗಳನ್ನು ಬಿಚ್ಚಿ, ಜಗುಲಿಯ ಕಲ್ಲಿಗೆ ತಿಕ್ಕಿ, ರಿಮ್ಮಿಗೆ ಹತ್ತಿರ ಕೂರಿಸಿ ನಟ್ಟು ಬಿಗಿದ.

"ಭಾರ ಇದ್ರೂ ನಿಲ್ತದಾ ನೋಡ್ಬೇಕಲ್ಲ?" ಎಂದು, ಎಂದೂ ಸೈಕಲ್ ಹತ್ತದ ಅಜ್ಜಿ ಕ್ಯಾರಿಯರ್ ಮೇಲೆ ಕುಳಿತಳು. ಅಪ್ಪ ಸೈಕಲ್ ಹತ್ತಿ ಹೊರಟ; ಇಳಿಜಾರಿನ ಕೊನೆಯಲ್ಲಿ ಅವನು ಬ್ರೇಕ್ ಹಿಡಿದಾಗ ಸೈಕಲ್ಲು ಕಿರ್ರೆಂದು ಕೂಗಿ ನಿಂತಿತು.

ಅಜ್ಜಿ ಇಳಿಯಲಿಲ್ಲ. "ಒಂದ್ಸಲ ನಿಂತ್ರೆ ನಂಬೋಕಾಗಲ್ಲ ಕಣೋ, ಇನ್ನೊಂದ್ಸಲ ನೋಡೋಣ," ಎಂದಳು.

ದೀಪ ಹಚ್ಚುವ ಹೊತ್ತಾದರೂ ಅವಳ ಅನುಮಾನ ತೀರಲಿಲ್ಲ.