ಮೇಲಿನ ಗುಂಡಿ

ಪರದೆಯ ಮೇಲೆ ತಂಗಿಯ ಹೃದಯ ಮಿಡಿಯುತ್ತಿತ್ತು. ನಡುಗೋಡೆಯ ತೂತಿಗೆ ಆಚೆಯೊಂದು ಈಚೆಯೊಂದು ಬಿಲ್ಲೆ ಕಚ್ಚಿಕೊಂಡು ಕೂತಿರುವುದನ್ನು ಡಾಕ್ಟರು ಬೆರಳಿಟ್ಟು ತೋರಿಸಿದರು. ತೊಡೆಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಒಳಗೆ ಹೋದ ಮೇಲೆ ಬಿಲ್ಲೆಗಳನ್ನು ಛತ್ರಿಯ ಹಾಗೆ ಬಿಚ್ಚಿದ್ದಷ್ಟೇ, ಎದೆ ಮುಟ್ಟಿಯೇ ಇಲ್ಲ ಎಂದರು.

"ಅಂದ್ರೆ ಕಲೆ ಇಲ್ಲ," ಎಂದು ಅಮ್ಮ ಗಂಡಿನ ತಾಯಿಯ ಕಡೆ ತಿರುಗಿದಳು. ಆಕೆ ತಲೆಯಾಡಿಸಿದರು. ಕಣ್ಣಾರೆ ಕಂಡ ಮೇಲೆಯೇ ಮದುವೆಯ ಮಾತು ಎಂದು ತಾವಾಗಿ ಜೊತೆಗೆ ಬಂದಿದ್ದರು.

ಅಕ್ಕ ಚೀಲ ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಇಂಥದೇ ತೂತಿಗಾಗಿ ಚಿಕ್ಕಂದಿನಲ್ಲಿ ಅವಳ ಎದೆಯನ್ನು ನಡುಮಧ್ಯೆ ಸೀಳಿದ್ದರು. ಈಗ ಹೊಲಿಗೆಯಂಗಡಿ ಇಟ್ಟಿದ್ದಾಳೆ. ಬಂದವರಿಗೆಲ್ಲ ಕೇಳಿದಷ್ಟು ಕೊರಳು ಇಳಿಸಿ ಹೊಲಿದುಕೊಡುವವಳು, ತನ್ನದಕ್ಕೆ ಮಾತ್ರ ಗಂಟಲಿನ ತನಕ ಗುಂಡಿ. ಅವಳನ್ನು ನೋಡಲು ಬಂದವರು ಕಲೆಯ ಸುದ್ದಿ ಕೇಳಿ ಎದ್ದುಹೋದ ಮೇಲೆ, ಅಮ್ಮ ಆ ಆಪರೇಷನ್ನಿನ ಮಾತನ್ನೇ ಮನೆಯಿಂದ ಗುಡಿಸಿ ಹಾಕಿದ್ದಳು.

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಡಾಕ್ಟರು ಕೇಳಿದರು.

"ಯಾರಿಗೂ ಇಲ್ಲ," ಅಂದಳು ಅಮ್ಮ. ತಂಗಿ ಗೋಡೆ ನೋಡಿದಳು.

ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಇರುತ್ತದೆ, ಹೇಗೂ ಅಕ್ಕ ಬಂದಿದ್ದಾರಲ್ಲ, ಅವರನ್ನೂ ನೋಡಿಬಿಡೋಣ, ಒಂದು ಗಳಿಗೆಯ ಕೆಲಸ ಎಂದು ಡಾಕ್ಟರು ಮಂಚದ ಹಾಳೆ ಬದಲಿಸಿದರು. ಅಯ್ಯೋ, ಅವಳು ಗುಂಡುಕಲ್ಲಿನ ಹಾಗಿದ್ದಾಳೆ ಎಂದು ಅಮ್ಮ ನಗಲು ನೋಡಿದಳು.

"ಇಲ್ಲ ಅಂದ್ಮೇಲೆ ಹೆದರಿಕೆ ಯಾಕೆ?" ಗಂಡಿನ ತಾಯಿ ಅಂದರು. "ನೋಡ್ಲಿ ಬಿಡಿ. ನಾಳೆ ನಮಗೂ ಮೊಮ್ಮಕ್ಕಳು ಆಗಬೇಕಲ್ಲ."

ಅಕ್ಕನ ಕೈ ಕೊರಳಿನ ಗುಂಡಿಗೆ ಹೋಯಿತು. ತಂಗಿ ಗೋಡೆ ಬಿಟ್ಟು ಈಗ ಆ ಕೈಯನ್ನೇ ನೋಡುತ್ತಿದ್ದಳು.

"ನಂದು ಚಿಕ್ಕವಳಿದ್ದಾಗಲೇ ನೋಡಿಸಿ ಆಗಿದೆ ಡಾಕ್ಟ್ರೇ," ಅಕ್ಕ ಹೇಳಿದಳು. "ತೂತು ಇಲ್ಲ."

ಹೊರಗೆ ಬಂದಾಗ ಗಂಡಿನ ತಾಯಿ ತಂಗಿಯ ಕೈ ಹಿಡಿದುಕೊಂಡು ಮೆಟ್ಟಿಲ ಕಡೆ ನಡೆದರು. ಅಮ್ಮ ಬೇಕೆಂದೇ ಹಿಂದೆ ಉಳಿದಳು. ಏನೋ ಹೇಳುತ್ತಾಳೆ ಎಂದು ಅಕ್ಕ ನಿಂತಳು. ಅಮ್ಮ ಅತ್ತಿತ್ತ ನೋಡಿದಳು, ಮಗಳ ಕೊರಳಿಗೆ ಕೈ ಹಾಕಿದಳು, ಬಿಚ್ಚದೇ ಇದ್ದ ಗುಂಡಿ ಭದ್ರವಾಗಿದೆಯೇ ಎಂದು ಎಳೆದು ನೋಡಿದಳು.