ಹಗುರ ಕಾಲು

ಅಣ್ಣ ಬರುವುದರೊಳಗೆ ಪರೀಕ್ಷೆ ಮುಗಿಯಬೇಕಿತ್ತು. ಕುಸುಮ ಕಾರಿನ ಕನ್ನಡಿಯಲ್ಲಿ ಕಾಗವಾಡದ ರಸ್ತೆಯನ್ನೇ ನೋಡುತ್ತ ಕುಳಿತಿದ್ದಳು. ಮಹಾವೀರನ ಮೋಟರ್ ಸೈಕಲ್ ಇನ್ನೂ ಕಂಡಿರಲಿಲ್ಲ.

ಹಿಂದಿನ ಎರಡು ಸಲವೂ ಅವನೇ ಜೊತೆಗೆ ಬಂದಿದ್ದ. ಊರುಗೋಲು ಟಕಟಕ ಎನ್ನಿಸುತ್ತ ಅವಳು ಮೈದಾನ ದಾಟುವಷ್ಟರಲ್ಲಿ, ಲೈಸೆನ್ಸ್ ಪರೀಕ್ಷೆ ಮಾಡುವ ವಿರುಪಾಕ್ಷಪ್ಪ ಸಾಹೇಬರ ಮುಂದೆ ನಿಂತು ಹೇಳಿಬಿಡುತ್ತಿದ್ದ: “ನಮ್ಮ ತಂಗಿಗೆ ಪೋಲಿಯೋ ಆಗಿ ಎರಡೂ ಕಾಲು ಹೋಗ್ಯಾವ್ರಿ. ಹಟ ಹಿಡದಾಳ. ನೀವಾದ್ರೂ ಬುದ್ಧಿ ಹೇಳ್ರಿ.”

ಸಾಹೇಬರು ಬುದ್ಧಿ ಹೇಳುವುದರಲ್ಲಿ ಜಿಪುಣರಲ್ಲ. ರಸ್ತೆಯನ್ನು ಸರಕಾರ ಮಾಡಿಸಿದ್ದೇ ಪೂರ್ಣಾಂಗರಿಗೆ; ಊನವಿದ್ದವರು ಮನೆಯಲ್ಲಿ ಕುಳಿತರೆ ಅವರಿಗೂ ಕ್ಷೇಮ, ಊರಿಗೂ ಕ್ಷೇಮ. ಹೀಗೆ ಸಾಗುತ್ತಿತ್ತು ಭಾಷಣ. ಎರಡೂ ಸಲ ಅವಳು ಸ್ಟೇರಿಂಗ್ ಮುಟ್ಟುವ ಮೊದಲೇ ಫೇಲಾಗಿದ್ದಳು.

ಈ ಸಲವೂ ಹಾಗಾದರೆ ಅಪ್ಪ ಬಿಟ್ಟುಹೋದ ಫಿಯಾಟು ಏಕಸಂಬಿಯವರ ಪಾಲು. ಗಿರಾಕಿಯನ್ನು ಕರೆತರಲು ಮಹಾವೀರ ಬೆಳಿಗ್ಗೆಯೇ ಹೋಗಿದ್ದ. ತಂಗಿಯ ಸೋಲಿನ ಮೇಲೆ ಅವನಿಗೆ ಅಷ್ಟು ಭರವಸೆ.

ಕುಸುಮಳಿಗೆ ಅಥಣಿ ರಸ್ತೆಯ ಹಳ್ಳಿಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಜೂನಿಗೆ ಹಾಜರಾಗಬೇಕು. ಅವಳೂರು ಶೇಡಬಾಳದಲ್ಲಿ ನಿಲ್ಲುವ ಬಸ್ಸಿನ ಮೆಟ್ಟಿಲೋ ಅವಳ ಸೊಂಟದೆತ್ತರ. ಅದಕ್ಕೇ ಅಪ್ಪ ಸಾಯುವ ಮುಂಚಿನ ವರ್ಷ ಮಿರಜದಲ್ಲಿ ಕಾರಿಗೆ ಹಿಡಿಕೆಗಳನ್ನು ಹಾಕಿಸಿ, ಬ್ರೇಕು, ಕ್ಲಚ್ಚು, ಎಕ್ಸಿಲೇಟರು ಮೂರನ್ನೂ ಅವಳ ಕೈಗೆ ತಂದುಕೊಟ್ಟಿದ್ದ.

ದಾರಿಯಲ್ಲಿ ಕೆಟ್ಟರೆ ಇಳಿದು ತಳ್ಳಲಾಗದವಳ ಗಾಡಿ ಕೆಡಲೇಬಾರದು. ಅವಳು ಹೊರಡುವ ಮುನ್ನ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿದ್ದಳು. ರೇಡಿಯೇಟರಿಗೆ, ಬ್ಯಾಟರಿಗೆ ನೀರು ಹಾಕಿಸಿ, ಹಿಡಿಕೆಗಳ ನಟ್ಟುಗಳನ್ನು ತಾನೇ ಬಿಗಿದು, ಕೇಬಲ್ಲಿಗೆ ಗ್ರೀಸು ಸವರಿದ್ದಳು. ನೀರಿನ ಕ್ಯಾನು, ನಿಂತಾಗ ಕಿಟಕಿಗೆ ಕಟ್ಟಲು ಕೆಂಪು ಬಟ್ಟೆ, ಕೈಗೆಟುಕುವಲ್ಲಿ ಊರುಗೋಲು. ಲೈಸೆನ್ಸ್ ಇದ್ದ ನೆರೆಮನೆಯ ಮಲಕಾರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಣ್ಣನ ಕಣ್ಣು ತಪ್ಪಿಸಿ ಬಂದಿದ್ದಳು.

ಮಳೆಯಾಗಿ ಮೈದಾನವೆಲ್ಲ ಕೆಸರು. ಸಾಹೇಬರ ಜವಾನ ಲಗಮಣ್ಣ ಕಿಟಕಿಗೆ ಬಂದು ಅವಳನ್ನು ನೋಡಿದ, ಹಿಡಿಕೆಗಳನ್ನು ನೋಡಿದ. ಸಾಹೇಬರಿದ್ದ ಕಡೆಗೊಮ್ಮೆ ತಿರುಗಿ ನೋಡಿದ.

“ಇಳೀಬ್ಯಾಡ್ರಿ ಅಕ್ಕಾರ. ಕುಂತಲ್ಲೇ ಕುಂದರ್ರಿ,” ಎಂದ. “ಮಾತೂ ಸ್ವಲ್ಪ ಕಡಿಮಿ ಮಾಡ್ರಿ.”

ಕೆಸರು ನೋಡಿ ಮರುಗಿದನೆಂದು ಅವಳೆಂದುಕೊಂಡಳು.

ಅವಳಿಗಿಂತ ಮುಂಚೆ ಗೊಬ್ಬರದಂಗಡಿ ಧರೆಪ್ಪನವರ ಮಗನ ಸರದಿ. ಹುಡುಗ ಸುಣ್ಣದ ಗೆರೆಯನ್ನು ಎರಡೂ ಬದಿಗೆ ತುಳಿದ. ಬಲಕ್ಕೆ ಕೈ ತೋರಿಸಿ ಎಡಕ್ಕೆ ತಿರುಗಿದ. ಪಕ್ಕದಲ್ಲೇ ಕುಳಿತಿದ್ದ ಸಾಹೇಬರು, “ಶಾಬ್ಬಾಸ್, ಪಾಸು,” ಎಂದರು. ದೊಡ್ಡವರ ಮಗ, ಇನ್ನೇನಾದೀತು ಎಂದು ಕುಸುಮ ಹಲ್ಲು ಕಚ್ಚಿದಳು.

ಬಳಿಕ ಸಾಹೇಬರು ಲಗಮಣ್ಣನ ಹೆಗಲ ಮೇಲೆ ಕೈಯಿಟ್ಟು, ದರಬಾರಿಗೆ ಬರುವ ಅರಸನಂತೆ ಬಂದರು. ಅವರು ಯಾರ ಮುಖವನ್ನೂ ನೋಡಿ ಮಾತಾಡುವವರಲ್ಲ. ಅರ್ಜಿದಾರರ ಮುಖ ನೋಡಿದರೆ ಹುದ್ದೆಯ ತೂಕ ಇಳಿಯುತ್ತದೆಂದು ನಂಬಿದ ತಲೆಮಾರು.

“ಒಂಬತ್ತನೇ ನಂಬರ್ರಿ. ಫಿಯಾಟ್,” ಎಂದ ಲಗಮಣ್ಣ. ಹೆಸರು ಹೇಳಲಿಲ್ಲ.

ಮಲಕಾರಿ ಇಳಿದ ಜಾಗದಲ್ಲಿ ಸಾಹೇಬರು ಕುಳಿತರು. “ನಡೀರಿ.”

ಕುಸುಮ ಹಿಡಿಕೆ ಒತ್ತಿದಳು. ಭಾಷಣಕ್ಕಾಗಿ ಕಾದಳು. ಬರಲಿಲ್ಲ. ಕಾರು ರಸ್ತೆಗೆ ಇಳಿಯಿತು.

“ಎಂಜಿನ್ ಛಲೋ ಇಟ್ಟೀರಿ. ದನಿಯೊಳಗ ಗೊತ್ತಾಕ್ಕೈತಿ.”

“ಹೌದ್ರಿ.”

“ಮುಂದಿನ ಬೋರ್ಡ್ ಓದ್ರಿ.”

“ಶಾಲೆ ಇದೆ, ನಿಧಾನ ಅಂತ ಐತ್ರಿ.”

“ಬರೋಬ್ಬರಿ.”

ತಿರುವಿನಲ್ಲಿ ಕಬ್ಬು ಹೇರಿದ ಗಾಡಿಯೊಂದು ಅಡ್ಡ ಬಂತು. ಅವಳು ಬ್ರೇಕಿನ ಹಿಡಿಕೆ ಎಳೆದಳು. ಕಾರು ಕುಲುಕದೆ ನಿಂತಿತು.

“ಯಾಕ ನಿಂದರಿಸಿದ್ರಿ?”

“ಕಬ್ಬಿನ ಗಾಡಿ ರೀ.”

“ಅದs ಅದs. ನೀವು ನೋಡ್ತೀರೋ ಇಲ್ಲೋ ಅಂತ ಕೇಳಿದ್ನಿ.” ಸಾಹೇಬರು ಗಂಟಲು ಸರಿಪಡಿಸಿಕೊಂಡರು. ಮತ್ತೆ ಕಾರು ಹೊರಟಾಗ ಮೆಚ್ಚಿ ತಲೆದೂಗಿದರು. “ಕ್ಲಚ್ ಬಿಡೂದಂದ್ರ ಹಿಂಗ ಬಿಡಬೇಕು ನೋಡ್ರಿ. ನಿಮ್ಮ ಕಾಲು ಭಾಳ ಹಗುರ ಅದಾವ.”

ಕುಸುಮಳ ಕಿವಿ ಬಿಸಿಯಾಯಿತು. ಭಾಷಣವಾದರೂ ವಾಸಿ, ಈ ಕುಹಕ ಹೊಸದು. ಪಾದಗಳು ಸೀಟಿನ ಕೆಳಗೆ ಅಲುಗದೆ ಬಿದ್ದಿದ್ದವು. ಅವಳು ಮೈದಾನಕ್ಕೆ ಮರಳಿ, ಸುಣ್ಣದ ಗೆರೆಗಳ ನಡುವೆ ಹಿಮ್ಮುಖವಾಗಿ ಬಂದು ನಿಲ್ಲಿಸಿದಳು.

“ಪಾಸು,” ಎಂದರು ಸಾಹೇಬರು.

ಅವಳಿಗೆ ನಂಬಿಕೆ ಬರಲಿಲ್ಲ. ಲಗಮಣ್ಣ ಕಿಟಕಿಯಿಂದ ಕಾಗದ ಚಾಚಿ, ಸಹಿಯ ಜಾಗದಲ್ಲಿ ಬೆರಳಿಟ್ಟ. ಸಾಹೇಬರು ಆ ಬೆರಳಿಗೆ ಪೆನ್ನು ತಾಗಿಸಿ ಸಹಿ ಎಳೆದರು. ಲಗಮಣ್ಣ ಅಲ್ಲೇ ಶಿಕ್ಕಾ ಒತ್ತಿ ಕಾಗದವನ್ನು ಅವಳ ಮಡಿಲಿಗೆ ಹಾಕಿದ. ಅದೇ ಹೊತ್ತಿಗೆ ಕನ್ನಡಿಯಲ್ಲಿ ಮಹಾವೀರನ ಮೋಟರ್ ಸೈಕಲ್ ಕಾಣಿಸಿತು, ಹಿಂದೆ ಏಕಸಂಬಿಯ ಗಿರಾಕಿ. ಬರಲಿ. ಅವಳು ಮೊದಲ ಸಲ ಉಸಿರು ಬಿಟ್ಟಳು.

ಸಾಹೇಬರು ಮಾತ್ರ ಇನ್ನೂ ಕುಳಿತೇ ಇದ್ದರು.

“ಲಗಮಣ್ಣಾ, ಶೇಡಬಾಳದ ಆ ಕಾಲಿಲ್ಲದಾಕಿ ಇವತ್ತೂ ಬಂದಾಳೇನು ನೋಡು. ಆಕಿ ಒಬ್ಬಾಕಿನ್ನ ಫೇಲ್ ಮಾಡಿ ಊಟಕ್ಕ ಹೋಗೂಣು. ಮೈಯಾಗ ಊನ ಇಟ್ಕೊಂಡು ಮಂದಿ ಜೀವದ ಕೆಲಸಕ್ಕ ಕೈ ಹಾಕ್ತಾರ, ನಾಚಿಕಿ ಬ್ಯಾಡೇನು?”

ಕುಸುಮ ತಿರುಗಿ ನೋಡಿದಳು. ಸಾಹೇಬರ ಮುಖ ನೇರ ಅವಳ ಕಡೆಗೇ ಇತ್ತು.

“ಆಕಿ ಬಂದಿಲ್ರಿ ಸಾಹೇಬ್ರ,” ಎಂದ ಲಗಮಣ್ಣ, ಗಾಳಿಯಲ್ಲಿ ತಡಕಾಡುತ್ತಿದ್ದ ಅವರ ಕೈಯನ್ನು ಹಿಡಿದು ಬಾಗಿಲ ಹಿಡಿಕೆಯ ಮೇಲೆ ಇಡುತ್ತ.