ಬಂಗುಡೆಯ ಪರಿಮಳ

ಮೀನಂಗಡಿಯ ಮುಂದೆ ಹಾದಾಗಲೆಲ್ಲ ನನಗೆ ಈಗಲೂ ಆ ಕಾರಿನ ಕಿಟಕಿಯೇ ನೆನಪಾಗುತ್ತದೆ.

ಡಾಕ್ಟರ್ ಅಪ್ಪನಿಗೆ ಅಂತೂ ರಜೆ ಸಿಕ್ಕಿ, ನಾಟಿಂಗ್‌ಹ್ಯಾಮ್‌ನಿಂದ ಸ್ಕಾಟ್ಲೆಂಡಿನ ಉತ್ತರದ ತುದಿಗೆ ಹೊರಟಿದ್ದೆವು. ಕಡಲಂಚಿನುದ್ದಕ್ಕೂ ಮೀನುಗಾರರ ಊರುಗಳು. ಒಂದು ಬಂದರಿನಲ್ಲಿ, ಒದ್ದೆ ಬಲೆಗಳ ಪಕ್ಕ ಕಾರು ನಿಧಾನವಾದಾಗ, ಕುಂದಾಪುರದ ಅಮ್ಮ ಕಿಟಕಿ ಇಳಿಸಿ, "ಬಂಗುಡೆ! ಎಂಥ ಪರಿಮಳ!" ಎಂದಳು.

ಮೈಸೂರಿನ ಅಪ್ಪ ಮೂಗು ಮುಚ್ಚಿಕೊಂಡರು. "ಪರಿಮಳ ಅಂತೆ! ಈ ವಾಸನೇಲಿ ಪುಳಿಯೋಗರೆ ಹೇಗೆ ತಿನ್ನೋದು?"

"ವಾಟ್ಸ್ ಬಂಗುಡೆ, ಅಮ್ಮಾ?" ಎಂದೆ.

ಅಪ್ಪನೇ ಉತ್ತರ ಕೊಟ್ಟರು. "ಮದುವೆ ಆದ್ಮೇಲೆ ನಿಮ್ಮಮ್ಮ ಅದನ್ನೆಲ್ಲ ಬಿಟ್ಟಾಯ್ತು. ಮರೆತೂ ಹೋಗಿದೆ, ಅಲ್ವೇನೇ?"

"ಹೂಂ" ಎಂದಳು ಅಮ್ಮ.

ಮುಂದಿನ ಊರು ಬಂದಾಗ ಅವಳು ಸದ್ದಿಲ್ಲದೆ ಒಂದು ಬೆರಳಷ್ಟು ಗಾಜು ಇಳಿಸಿದಳು. ಅಪ್ಪ ತಮ್ಮ ಕಡೆಯ ಸ್ವಿಚ್ ಒತ್ತಿ ಅದನ್ನು ಏರಿಸಿದರು. ಆಮೇಲೆ, ನಾನು ಕಿಟಕಿ ಇಳಿಸದಿರಲೆಂದು ಹಾಕುತ್ತಿದ್ದ ಲಾಕನ್ನು ಅಮ್ಮನಿಗೆ ಹಾಕಿದರು.